ನಡಾವಳಿ ಬರೆದಿಟ್ಟು ಮಾಡಿದ ಕೊಲೆ

ನಮಸ್ಕಾರ. ಯಹೂದಿಗಳ ನರಮೇಧ ಅಂದ ತಕ್ಷಣ ನಮ್ಮ ಬಾಯಿಗೆ ಬರುವುದು ಒಂದೇ ಹೆಸರು, ಹಿಟ್ಲರ್. ಒಬ್ಬ ಹುಚ್ಚ ಬಂದ, 60 ಲಕ್ಷ ಜನರನ್ನು ಕೊಲ್ಲಿಸಿದ, ಕಥೆ ಮುಗಿಯಿತು. ಅಷ್ಟು ಸುಲಭ ಅಲ್ಲ ಸ್ವಾಮಿ. ಇಲಾಖೆಗಳು ಕೈಜೋಡಿಸದೆ ಒಬ್ಬನಿಂದ ಆಗುವ ಕೆಲಸವೇ ಅಲ್ಲ ಅದು. ಬರ್ಲಿನ್ ಕಡೆ ಹೋಗುವವರಿದ್ದರೆ ವಾನ್‌ಸೇ ಸ್ಟೇಷನ್‌ನಲ್ಲಿ ಇಳಿದು 114ನೇ ನಂಬರ್ ಬಸ್ ಹತ್ತಿ. ಸರೋವರದ ದಡದಲ್ಲಿ ಒಂದು ದೊಡ್ಡ ಬಂಗಲೆ ಇದೆ. ಈಗ ಮ್ಯೂಸಿಯಂ, ಟಿಕೆಟ್ ಇಲ್ಲ.

1942ರ ಜನವರಿ 20ರಂದು ಅಲ್ಲಿ 15 ಜನ ಸೇರಿದ್ದರು. ರೌಡಿಗಳಲ್ಲ. ಗೃಹ, ನ್ಯಾಯ, ವಿದೇಶಾಂಗ ಇಲಾಖೆಗಳ ದೊಡ್ಡ ಅಧಿಕಾರಿಗಳು, ಜೊತೆಗೆ ಹಿಟ್ಲರನ ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನವರು. ಅದರಲ್ಲಿ 8 ಜನ ಡಾಕ್ಟರೇಟ್ ಪಡೆದವರು! ಸಭೆ ಆದಮೇಲೆ ಉಪಾಹಾರ ಇದೆ ಅಂತಲೂ ಆಹ್ವಾನದಲ್ಲಿ ಬರೆದಿತ್ತು. ಕೊಲ್ಲಬೇಕೋ ಬೇಡವೋ ಅಂತ ಚರ್ಚಿಸಲು ಇವರು ಬಂದಿರಲಿಲ್ಲ. ಅದು ಆಗಲೇ ಶುರುವಾಗಿತ್ತು. ಹಿಂದಿನ ಸೆಪ್ಟೆಂಬರ್‌ನಲ್ಲಿ ಕೀವ್‌ನ ಬಾಬಿ ಯಾರ್ ಕಣಿವೆಯಲ್ಲಿ ಎರಡೇ ದಿನದಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದಿದ್ದರು, ಈ ಲೆಕ್ಕ ಬರೆದು ಕಳಿಸಿದ್ದೂ ಕೊಂದವರೇ. ಈಗ ಬೇಕಿದ್ದದ್ದು ಇಲಾಖೆಗಳ ಹೊಂದಾಣಿಕೆ ಮಾತ್ರ.

ಸಭೆಯ ನಡಾವಳಿ 15 ಪುಟ. 30 ಪ್ರತಿ ಮಾಡಿದ್ದರು, ಸಿಕ್ಕಿದ್ದು ಒಂದೇ, 16ನೆಯದು. ಅದರ ಆರನೇ ಪುಟ ನೋಡಿ. ಎಡಕ್ಕೆ ದೇಶದ ಹೆಸರು, ಬಲಕ್ಕೆ ಅಲ್ಲಿರುವ ಯಹೂದಿಗಳ ಸಂಖ್ಯೆ, ತಾಲೂಕು ಕಚೇರಿಯ ಪಟ್ಟಿಯ ಹಾಗೆ ಅಚ್ಚುಕಟ್ಟಾಗಿ ಟೈಪ್ ಮಾಡಿದ್ದಾರೆ. ಅಲ್ಬೇನಿಯಾ, 200. ಇಂಗ್ಲೆಂಡ್, 3,30,000. ಇಂಗ್ಲೆಂಡ್ ಇವರ ಕೈಗೆ ಸಿಕ್ಕೇ ಇರಲಿಲ್ಲ, ಆದರೂ ಲೆಕ್ಕಕ್ಕೆ ಸೇರಿಸಿದ್ದಾರೆ. ಎಸ್ಟೋನಿಯಾ ಮುಂದೆ ಸಂಖ್ಯೆಯೇ ಇಲ್ಲ, ಯಹೂದಿಮುಕ್ತ ಅಂತಿದೆ. ಒಟ್ಟು 1 ಕೋಟಿ 10 ಲಕ್ಷಕ್ಕೂ ಜಾಸ್ತಿ.

ನನಗೆ ಹೊಟ್ಟೆ ತೊಳಸಿದ್ದು ಕೊನೆಯ ಪುಟಗಳನ್ನು ಓದುವಾಗ. ಅಲ್ಲಿ ಯಹೂದಿಗಳೂ ಯಹೂದಿಗಳಲ್ಲದವರೂ ಮಾಡಿಕೊಂಡ ಮಿಶ್ರ ಮದುವೆಗಳನ್ನು ಏನು ಮಾಡುವುದು ಅನ್ನುವ ಚರ್ಚೆ. ಒಂದೊಂದನ್ನೂ ನೋಡುತ್ತ ಕೂತರೆ ಕಚೇರಿ ಕೆಲಸಕ್ಕೆ ಕೊನೆಯೇ ಇರುವುದಿಲ್ಲ, ಕಡ್ಡಾಯವಾಗಿ ಸಂತಾನಹರಣ ಮಾಡಿಬಿಡೋಣ ಅಂದ ಗೃಹ ಇಲಾಖೆಯ ಕಾರ್ಯದರ್ಶಿ ಸ್ಟುಕಾರ್ಟ್. ಯುದ್ಧ ಮುಗಿದಮೇಲೆ, 1949ರಲ್ಲಿ, ಇಷ್ಟು ದಿನ ಒಳಗಿದ್ದದ್ದೇ ಸಾಕು ಅಂತ ಕೋರ್ಟು ಅವನನ್ನು ಬಿಟ್ಟು ಕಳಿಸಿತು.

ಆ ಬಂಗಲೆ ಮ್ಯೂಸಿಯಂ ಆಗಿದ್ದೂ ಸುಮ್ನೆ ಅಲ್ಲ. ನಾಜಿಗಳ ಕೊಲೆ ಶಿಬಿರ ಆಶ್‌ವಿಟ್ಜ್‌ನಿಂದ ಬದುಕಿ ಬಂದ ಇತಿಹಾಸಕಾರ ಯೋಸೆಫ್ ವುಲ್ಫ್, ಇಲ್ಲೊಂದು ದಾಖಲೆ ಕೇಂದ್ರ ಮಾಡಿ ಅಂತ 1960ರ ದಶಕದಲ್ಲೇ ಓಡಾಡಿದರು. ಆಗ ಅದು ಶಾಲಾ ಮಕ್ಕಳು ಬಂದು ಉಳಿಯುವ ಜಾಗ. ಕೊಡಲಿಲ್ಲ. 1974ರಲ್ಲಿ ವುಲ್ಫ್ ಆತ್ಮಹತ್ಯೆ ಮಾಡಿಕೊಂಡರು. ಮ್ಯೂಸಿಯಂ ಬಾಗಿಲು ತೆರೆದದ್ದು 1992ರಲ್ಲಿ. ಒಳಗಿನ ಗ್ರಂಥಾಲಯಕ್ಕೆ ಈಗ ಅವರದೇ ಹೆಸರು. ಇಟ್ಟರು, ಸರಿ. ಬದುಕಿದ್ದಾಗಲೇ ಆ ಮನೆ ಕೊಡಬಹುದಿತ್ತು ಅಲ್ವಾ?