ಆ ಕಡೆಯಿಂದ ‘ಹಲೋ’ ಎಂದವರು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಡಯಲ್ ತಿರುಗಿಸುವ ಹಳೆಯ ಫೋನ್. ಇದಕ್ಕೆ ಹೆಸರು ತೋರಿಸಲು ಬರುವುದಿಲ್ಲ, ನಂಬರ್ ತೋರಿಸಲು ಬರುವುದಿಲ್ಲ. ಗಂಟೆ ಬಾರಿಸುತ್ತದೆ, ಅಷ್ಟೇ. ಕರೆದವರು ಯಾರೆಂದು ತಿಳಿಯಬೇಕಾದರೆ ರಿಸೀವರ್ ಎತ್ತಿ ‘ಹಲೋ’ ಎನ್ನಲೇಬೇಕು. ಟಿವಿಯ ಪ್ರ್ಯಾಂಕ್ ಕಾಲ್ ಹಾಸ್ಯಕ್ಕೆ, ಅಂದರೆ ಫೋನಿನಲ್ಲಿ ಯಾರನ್ನೋ ಏಮಾರಿಸಿ ನಗಿಸುವ ಹಾಸ್ಯಕ್ಕೆ, ಬಂಡವಾಳ ಆ ‘ಹಲೋ’. ನಾವು ಯಾವಾಗಲೂ ಕರೆ ಮಾಡಿದವರ ಜಾಣತನವನ್ನು ಹೊಗಳುತ್ತೇವೆ. ನನಗೆ ಕರೆ ಎತ್ತಿದವರೇ ಮುಖ್ಯ ಪಾತ್ರಧಾರಿಗಳು. ಈ ವಿಡಿಯೊ ಅವರ ಬಗ್ಗೆ.

‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನ್ ಸರಣಿ ನೋಡಿದವರಿಗೆ ಬಾರ್ಟ್ ಎಂಬ ಹುಡುಗ ಮೋ ಎಂಬಾತನ ಬಾರ್‌ಗೆ ಫೋನ್ ಮಾಡುವುದು ನೆನಪಿರುತ್ತದೆ. ಹುಡುಗ ಯಾವುದೋ ಹೆಸರು ಹೇಳಿ, ಅವರು ಅಲ್ಲಿದ್ದಾರೆಯೇ ಎಂದು ಕೇಳುತ್ತಾನೆ. ಮೋ ಆ ಹೆಸರನ್ನು ಬಾರಿನ ತುಂಬ ಕೇಳುವಂತೆ ಕೂಗುತ್ತಾನೆ. ಕೂಗಿದ ಮೇಲಷ್ಟೇ ಅದು ಪೋಲಿ ಮಾತೆಂದು ಹೊಳೆಯುವುದು. ಇದರ ಬೇರು ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. 1970ರ ದಶಕದಲ್ಲಿ ಜೆರ್ಸಿ ಸಿಟಿಯ ಟ್ಯೂಬ್ ಬಾರ್‌ಗೆ ಇದೇ ರೀತಿಯ ಕರೆಗಳು ಬರುತ್ತಿದ್ದವು. ಮಾಲೀಕನ ಸಿಟ್ಟನ್ನು ಕರೆ ಮಾಡಿದವರು ಧ್ವನಿಮುದ್ರಿಸಿಕೊಂಡರು. ಆ ಕ್ಯಾಸೆಟ್ಟುಗಳು ಪ್ರತಿಗಳ ಮೇಲೆ ಪ್ರತಿಗಳಾಗಿ, ಕೈಯಿಂದ ಕೈಗೆ ದಾಟಿ, ಊರೂರು ಸುತ್ತಿದವು.

ಅವರನ್ನು ಹಿಡಿಯಬಾರದಿತ್ತೇ ಎಂದು ಇಂದು ಕೇಳುವುದು ಸುಲಭ. ಲೈನುಗಳನ್ನು ಜೋಡಿಸುವ, ಯಾಂತ್ರಿಕ ಸ್ವಿಚ್ಚುಗಳಿದ್ದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ಕರೆಯ ಮೂಲ ಹುಡುಕಬೇಕಾದರೆ ತಂತ್ರಜ್ಞ ಎದ್ದು ಹೋಗಿ, ಸಾಲು ಸಾಲು ಸ್ವಿಚ್ಚುಗಳ ನಡುವೆ ಆ ಸಂಪರ್ಕ ಎಲ್ಲಿಂದ ಎಲ್ಲಿಗೆ ಹಾದುಹೋಗಿದೆ ಎಂದು ಹಿಂದಕ್ಕೆ ನೋಡುತ್ತಾ ಬರಬೇಕಿತ್ತು. ಕರೆ ಬೇರೆ ಎಕ್ಸ್‌ಚೇಂಜಿನಿಂದ ಬಂದಿದ್ದರೆ ಅಲ್ಲಿಯೂ ಇದೇ ಕೆಲಸ. ಅಷ್ಟು ಹೊತ್ತು ಲೈನ್ ತುಂಡಾಗದೆ ಇರಬೇಕು. ಹಳೆಯ ಪತ್ತೇದಾರಿ ಸಿನಿಮಾಗಳಲ್ಲಿ ‘ಮಾತಾಡಿಸುತ್ತಲೇ ಇರಿ’ ಎಂದು ಪೊಲೀಸರು ಸನ್ನೆ ಮಾಡುತ್ತಿದ್ದುದು ಇದಕ್ಕಾಗಿ.

ಮುಂದಿನ ಸಂಗತಿ ಓದಿದಾಗ ನನಗೆ ರೋಮಾಂಚನವಾಯಿತು. ಕರೆ ಮಾಡಿದವರ ನಂಬರ್ ತೋರಿಸುವ ಕಾಲರ್ ಐಡಿಯನ್ನು 1987ರಲ್ಲಿ ಬೆಲ್ ಅಟ್ಲಾಂಟಿಕ್ ಕಂಪನಿ ಜನರ ಮನೆಗಳಲ್ಲಿ ಪರೀಕ್ಷೆಗೆ ಇಟ್ಟದ್ದು ನ್ಯೂಜೆರ್ಸಿಯ ಹಡ್ಸನ್ ಕೌಂಟಿಯಲ್ಲಿ. ಜೆರ್ಸಿ ಸಿಟಿ ಇರುವುದು ಅದೇ ಕೌಂಟಿಯಲ್ಲಿ! ಅದು ಕೆಲಸ ಮಾಡುವ ರೀತಿಯೂ ಸೊಗಸು. ಮೊದಲ ರಿಂಗಿಗೂ ಎರಡನೆಯ ರಿಂಗಿಗೂ ನಡುವಿನ ಮೌನದಲ್ಲಿ, ಸೆಕೆಂಡಿಗೆ 1200 ಬಿಟ್ ವೇಗದಲ್ಲಿ, ಎಕ್ಸ್‌ಚೇಂಜು ಆ ನಂಬರನ್ನು ಸದ್ದಿನ ರೂಪದಲ್ಲಿ ತಂತಿಯ ಮೂಲಕ ಕಳಿಸುತ್ತದೆ. ಎರಡನೆಯ ರಿಂಗ್ ಕೇಳುವಷ್ಟರಲ್ಲಿ ಕರೆದವರ ಗುಟ್ಟು ರಟ್ಟಾಗಿರುತ್ತದೆ.

ಕಾಲರ್ ಐಡಿ ಬಂದು ಪ್ರ್ಯಾಂಕ್ ಕಾಲ್ ಸತ್ತಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ‘ಕ್ರ್ಯಾಂಕ್ ಯಾಂಕರ್ಸ್’ ಎಂಬ ಪ್ರ್ಯಾಂಕ್ ಕಾಲ್ ಕಾರ್ಯಕ್ರಮ ಅಮೆರಿಕದ ಕಾಮೆಡಿ ಸೆಂಟ್ರಲ್ ವಾಹಿನಿಯಲ್ಲಿ ಶುರುವಾದದ್ದು 2002ರಲ್ಲಿ. ಬ್ರಿಟನ್ನಿನಲ್ಲಿ ಕೇವಾನ್ ನೊವಾಕ್ ಅವರ ‘ಫೋನ್‌ಜಾಕರ್’ ಸರಣಿ ಬಂದದ್ದು 2007ರಲ್ಲಿ, ಮರುವರ್ಷ ಅದಕ್ಕೆ ಬಾಫ್ಟಾ ಪ್ರಶಸ್ತಿಯೂ ಸಿಕ್ಕಿತು. ಆ ಹೊತ್ತಿಗೆ ನಂಬರ್ ನೋಡಿ ಕರೆ ಎತ್ತುವುದು ಎಲ್ಲರಿಗೂ ರೂಢಿಯಾಗಿತ್ತು. ಆದರೂ ಇವು ನಡೆದವು. ಏಕೆಂದರೆ ಇಂಥ ಕರೆಗಳು ಹೆಚ್ಚಾಗಿ ಹೋಗುತ್ತಿದ್ದುದು ಅಂಗಡಿ, ಹೋಟೆಲ್, ಕಚೇರಿಗಳಿಗೆ. ಗೊತ್ತಿಲ್ಲದ ನಂಬರನ್ನೂ ಎತ್ತುವುದು ಅಲ್ಲಿಯವರ ಉದ್ಯೋಗ.

ಟಿವಿಗೆ ಇನ್ನೊಂದು ತೊಡಕಿತ್ತು. ಫೋನ್ ಮಾತುಕತೆಯಲ್ಲಿ ನೋಡಲು ಏನಿದೆ? ‘ಕ್ರ್ಯಾಂಕ್ ಯಾಂಕರ್ಸ್’ ತಂಡ ನಿಜವಾದ ಕರೆಗಳ ಧ್ವನಿಗೆ ಬೊಂಬೆಗಳನ್ನು ಕುಣಿಸಿತು. ‘ಫೋನ್‌ಜಾಕರ್’ ಅನಿಮೇಷನ್ ಬಳಸಿತು. ಅದರಲ್ಲಿ ಡಿವಿಡಿಯಂಥ ಸಂಕ್ಷಿಪ್ತಾಕ್ಷರಗಳನ್ನೆಲ್ಲ ಒಂದೇ ಪದವೆಂಬಂತೆ ಉಚ್ಚರಿಸುವ ಒಬ್ಬ ಗ್ರಾಹಕ ಬರುತ್ತಾನೆ. ನಾನು ಮನಸೋತಿರುವುದು ಅವನ ಮಾತಿಗಲ್ಲ, ಆ ಕಡೆಯವರ ಪ್ರಯತ್ನಕ್ಕೆ. ಈತ ಹೇಳುತ್ತಿರುವುದಾದರೂ ಏನು ಎಂದು ಅವರು ಬಿಡಿಸಿಕೊಳ್ಳಲು ನೋಡುತ್ತಾರೆ. ಯಾವ ಬರಹಗಾರನೂ ಅಂಥ ಸಂಭಾಷಣೆಯನ್ನು ಕುಳಿತು ಬರೆಯಲಾರ.

ಹಾಗೆಂದು ಎಲ್ಲವನ್ನೂ ನಗುತ್ತಾ ಒಪ್ಪಿಕೊಳ್ಳಲು ನನ್ನಿಂದಾಗದು. 2012ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ರೇಡಿಯೊ ನಿರೂಪಕರಿಬ್ಬರು ಬ್ರಿಟಿಷ್ ರಾಜಮನೆತನದವರೆಂದು ಸುಳ್ಳು ಹೇಳಿ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಕರೆ ಮಾಡಿದರು. ಕರೆ ಎತ್ತಿದ ನರ್ಸ್ ಅದನ್ನು ನಂಬಿ ವಾರ್ಡಿಗೆ ವರ್ಗಾಯಿಸಿದರು. ಧ್ವನಿಮುದ್ರಿಕೆ ಪ್ರಸಾರವಾಯಿತು, ಜಗತ್ತೆಲ್ಲ ನಕ್ಕಿತು. ಕೆಲವೇ ದಿನಗಳಲ್ಲಿ ಆ ನರ್ಸ್ ತೀರಿಕೊಂಡರು. ಒಪ್ಪಿಗೆಯಿಲ್ಲದೆ ಮಾತುಕತೆಯನ್ನು ಪ್ರಸಾರ ಮಾಡಿದ್ದರ ಬಗ್ಗೆ ಆರಂಭವಾದ ವ್ಯಾಜ್ಯ 2015ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟಿನವರೆಗೂ ಹೋಯಿತು. ಅಂದು ಆ ನರ್ಸ್ ಮಾಡಿದ್ದು ಒಂದು ಕರೆಯನ್ನು ಮುಂದಕ್ಕೆ ಕಳಿಸುವ ದಿನನಿತ್ಯದ ಕೆಲಸ. ನಗುವಿನ ಸಾಮಗ್ರಿಯಾಗಲು ಅವರು ಒಪ್ಪಿರಲಿಲ್ಲ. ಪ್ರಸಾರಕ್ಕೆ ಮೊದಲು ಎತ್ತಿದವರ ಒಪ್ಪಿಗೆ ಪಡೆಯದ ಯಾವ ಪ್ರ್ಯಾಂಕ್ ಕಾಲ್ ಕೂಡ ನನ್ನ ದೃಷ್ಟಿಯಲ್ಲಿ ಹಾಸ್ಯವಲ್ಲ.

ಹಾಗಾದರೆ ಈ ಪ್ರಕಾರವನ್ನು ಸೊರಗಿಸಿದ್ದು ಯಾವುದು? ನನ್ನ ಪ್ರಕಾರ ವಂಚಕರು. ಇಂಟರ್‌ನೆಟ್ ಮೂಲಕ ಕರೆ ಮಾಡುವುದು ಅಗ್ಗವಾದ ಮೇಲೆ ಯಾವ ನಂಬರ್ ಬೇಕಾದರೂ ತೋರುವಂತೆ ಮಾಡಲು ಸಾಧ್ಯವಾಯಿತು. ಯಂತ್ರಗಳೇ ಕರೆ ಮಾಡತೊಡಗಿದವು. ಐಫೋನಿನಲ್ಲಿ 2019ರಿಂದ ಅಪರಿಚಿತರ ಕರೆಗಳನ್ನು ರಿಂಗಾಗದಂತೆ ತಡೆಯುವ ಸೌಲಭ್ಯ ಬಂದಿದೆ. 2020ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಅಮೆರಿಕನ್ನರನ್ನು ಕೇಳಿದಾಗ, ಗೊತ್ತಿಲ್ಲದ ನಂಬರಿನ ಕರೆಯನ್ನು ಸಾಮಾನ್ಯವಾಗಿ ಎತ್ತುತ್ತೇವೆ ಎಂದವರು ನೂರಕ್ಕೆ ಸುಮಾರು 19 ಮಂದಿ ಮಾತ್ರ. 2021ರಿಂದ ಅಲ್ಲಿನ ದೊಡ್ಡ ಫೋನ್ ಕಂಪನಿಗಳು ಕರೆಗಳ ನಂಬರ್ ಅಸಲಿಯೇ ಎಂಬುದಕ್ಕೆ ಡಿಜಿಟಲ್ ಸಹಿ ಹಾಕಬೇಕಾಯಿತು. ಸಹಿ ಬಂದರೂ ನಂಬಿಕೆ ಮರಳಿದಂತೆ ನನಗೆ ಕಾಣುವುದಿಲ್ಲ. 2019ರಲ್ಲಿ ‘ಕ್ರ್ಯಾಂಕ್ ಯಾಂಕರ್ಸ್’ ಮತ್ತೆ ಶುರುವಾದಾಗ ಬೊಂಬೆಗಳು ಹಾಗೇ ಇದ್ದವು, ಫೋನ್ ಎತ್ತುವ ಜನ ಬದಲಾಗಿದ್ದರು.

ಇಂದು ನನಗೆ ಅತಿ ಇಷ್ಟವಾದ ಫೋನ್ ಹಾಸ್ಯ ತಿರುಗುಮುರುಗಾಗಿದೆ. ಕರೆ ಮಾಡುವವರು ವಂಚಕರು, ಎತ್ತುವುದು ಯಂತ್ರ. 2024ರ ನವೆಂಬರಿನಲ್ಲಿ ಬ್ರಿಟನ್ನಿನ ಓ2 ಮೊಬೈಲ್ ಕಂಪನಿ ಡೈಸಿ ಎಂಬ ಕೃತಕ ಬುದ್ಧಿಮತ್ತೆಯ ಅಜ್ಜಿಯನ್ನು ತಯಾರಿಸಿತು. ವಂಚಕರನ್ನು ಸುಮ್ಮನೆ ಮಾತಿಗೆಳೆದು ಹೊತ್ತು ಕಳೆಯುವುದೇ ಆಕೆಯ ಕೆಲಸ. ಅದಕ್ಕೂ ಎಷ್ಟೋ ವರ್ಷ ಮೊದಲೇ ಲೆನ್ನಿ ಎಂಬ ಮುದುಕನಿದ್ದ. ಅವನಿಗೆ ಕೃತಕ ಬುದ್ಧಿಯೂ ಇಲ್ಲ, ಇರುವುದು 16 ಧ್ವನಿ ತುಣುಕುಗಳು ಮಾತ್ರ. ವಂಚಕ ಮಾತು ನಿಲ್ಲಿಸಿದಾಗ ಮುಂದಿನ ತುಣುಕು ಓಡುತ್ತದೆ: ಸರಿಯಾಗಿ ಕೇಳಿಸಲಿಲ್ಲ ಎನ್ನುತ್ತಾನೆ, ಮಗಳ ವಿಷಯ ತೆಗೆಯುತ್ತಾನೆ, ಹಿಂದೆ ಬಾತುಕೋಳಿಗಳು ಗಲಾಟೆ ಮಾಡುತ್ತವೆ. ಆ ಧ್ವನಿಮುದ್ರಿಕೆಗಳನ್ನು ಒಮ್ಮೆ ಕೇಳಿ. ಎತ್ತುವವರಿಗಿದ್ದ ಹಳೆಯ ತಾಳ್ಮೆ ಅಲ್ಲಿ ಕರೆ ಮಾಡಿದವನಿಗೇ ಬಂದಿರುತ್ತದೆ. ಅವನು ತನ್ನ ಮಾತನ್ನು ಮೊದಲಿನಿಂದ ಮತ್ತೆ ವಿವರಿಸುತ್ತಿರುತ್ತಾನೆ.