ಹಾರ್ಡ್ ಡಿಸ್ಕ್‌ಗಳನ್ನು ಒಂದುಗೂಡಿಸುವ ಮುನ್ನ

ಕೇಳುಗರಿಗೆ ನಮಸ್ಕಾರ.

ಅಂಕೋಲೆ, ಕುಮಟಾ, ಹೊನ್ನಾವರದ ಫೋಟೊ ಸ್ಟುಡಿಯೊಗಳಲ್ಲಿ ಹಾರ್ಡ್ ಡಿಸ್ಕ್‌ಗಳ ಸಾಲೇ ಇರುತ್ತದೆ. ಒಂದರಲ್ಲಿ ಮದುವೆ, ಇನ್ನೊಂದರಲ್ಲಿ ಬಂಡಿಹಬ್ಬ, ಮತ್ತೊಂದರಲ್ಲಿ ಬೆಳಗಿನ ತನಕ ನಡೆದ ಬಡಗುತಿಟ್ಟಿನ ಯಕ್ಷಗಾನ ಆಟ. ಇವೆಲ್ಲ ಒಂದೇ ದೊಡ್ಡ ಸಂಗ್ರಹವಾಗಿ ಕಾಣಲಿ ಎಂಬ ಆಸೆ ಸಹಜ, ಅದು ಸಾಧ್ಯವೂ ಹೌದು. ಆದರೆ ಆ ಆಟವನ್ನು ಮತ್ತೊಮ್ಮೆ ಆಡಿಸಿ ಚಿತ್ರೀಕರಿಸಲು ಬರುವುದಿಲ್ಲ. ಹಾಗಾಗಿ ದಯವಿಟ್ಟು ಅವಸರ ಮಾಡಬೇಡಿ.

ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ ಇರಲಿ, ಲಿನಕ್ಸ್‌ನ ಎಲ್‌ವಿಎಂ ಇರಲಿ, ಹಲವು ಡಿಸ್ಕ್‌ಗಳನ್ನು ಒಂದು ಗುಂಪಾಗಿಸುವ ಈ ಸೌಲಭ್ಯಗಳು ಡಿಸ್ಕನ್ನು ಗುಂಪಿಗೆ ಸೇರಿಸುವಾಗ ಅದರಲ್ಲಿರುವುದನ್ನು ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಖಾಲಿ ಡಿಸ್ಕೊಂದನ್ನು ತನ್ನಿ. ಅದರ ಮೇಲೆ ಹೊಸ ಸಂಗ್ರಹ ಕಟ್ಟಿ, ಹಳೆಯ ಒಂದು ಡಿಸ್ಕಿನ ಕಡತಗಳನ್ನು ಅಲ್ಲಿಗೆ ನಕಲಿಸಿ. ಎರಡೂ ಕಡೆಯ ಕಡತಗಳ ಚೆಕ್‌ಸಮ್, ಅಂದರೆ ಕಡತದೊಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ, ತಾಳೆ ನೋಡಿ. ಇನ್ನೊಂದು ಪ್ರತಿ ಬೇರೆಡೆ ಇದೆ ಎಂದು ಖಚಿತವಾದ ಮೇಲೆಯೇ ಹಳೆಯ ಡಿಸ್ಕನ್ನು ಅಳಿಸಿ ಗುಂಪಿಗೆ ಸೇರಿಸಿ. ಮುಂದಿನ ಡಿಸ್ಕಿಗೂ ಇದೇ ಕ್ರಮ. ಎಲ್‌ವಿಎಂನಲ್ಲಿ ಕೊನೆಗೆ ಕಡತಗಳನ್ನು ಜೋಡಿಸಿಡುವ ಕಡತ ವ್ಯವಸ್ಥೆಯನ್ನೂ (ಫೈಲ್ ಸಿಸ್ಟಮ್) ಹಿಗ್ಗಿಸಬೇಕು, ಇಲ್ಲವಾದರೆ ಸೇರಿಸಿದ ಜಾಗ ಬಳಕೆಗೆ ಸಿಗುವುದಿಲ್ಲ.

ಇಷ್ಟಾದರೂ ನನ್ನ ಆತಂಕ ತೀರುವುದಿಲ್ಲ. ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಾಧ್ಯತೆ ನೂರಕ್ಕೆ 3 ಎಂದಿಟ್ಟುಕೊಳ್ಳಿ. ಅಂಥ ನಾಲ್ಕನ್ನು ಸುಮ್ಮನೆ ಉದ್ದಕ್ಕೆ ಜೋಡಿಸಿದರೆ, ಯಾವುದಾದರೂ ಒಂದು ಕೆಡುವ ಸಾಧ್ಯತೆ ನೂರಕ್ಕೆ 11ನ್ನು ದಾಟುತ್ತದೆ. ಕೆಟ್ಟದ್ದು ಒಂದೇ ಆದರೂ ಇಡೀ ಸಂಗ್ರಹವೇ ತೆರೆಯದಿರಬಹುದು. ಇದಕ್ಕೆ ಉತ್ತರ ರೈಡ್: ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ಕ್ರಮ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ರೈಡ್ 1ರಲ್ಲಿ ಎರಡು ಡಿಸ್ಕ್‌ಗಳಲ್ಲೂ ಒಂದೇ ಮಾಹಿತಿ ಇರುತ್ತದೆ. 4 ಟೆರಾಬೈಟ್‌ನ ಎರಡು ಡಿಸ್ಕ್ ಹಾಕಿದರೆ ಸಿಗುವುದು 4 ಟೆರಾಬೈಟ್ ಮಾತ್ರ. ರೈಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ ರಕ್ಷಣೆಗೆ ಹೋಗಿ, ಅಂಥ ನಾಲ್ಕು ಡಿಸ್ಕ್‌ಗಳಿಂದ 12 ಟೆರಾಬೈಟ್ ಸಿಗುತ್ತದೆ, ಒಂದು ಕೆಟ್ಟರೂ ಕಡತಗಳು ಉಳಿಯುತ್ತವೆ. ಮಾಹಿತಿಯನ್ನು ಡಿಸ್ಕ್‌ಗಳಿಗೆ ಹಂಚಿ ಬರೆಯುವುದಷ್ಟೇ ಮಾಡುವ ರೈಡ್ ಸೊನ್ನೆಯಲ್ಲಿ ವೇಗವಿದೆ, ರಕ್ಷಣೆಯಿಲ್ಲ. ನೆನಪುಗಳನ್ನು ಅದಕ್ಕೆ ಒಪ್ಪಿಸಬೇಡಿ.

ಬೇರೆ ಬೇರೆ ಗಾತ್ರದ ಹಳೆಯ ಡಿಸ್ಕ್‌ಗಳೇ ಇದ್ದರೆ ಲಿನಕ್ಸ್‌ನ ಮರ್ಜರ್‌ಎಫ್‌ಎಸ್ ಎಂಬ ತಂತ್ರಾಂಶ ನನಗೆ ಹೆಚ್ಚು ಹಿಡಿಸುತ್ತದೆ. ಅದು ಏನನ್ನೂ ಅಳಿಸುವುದಿಲ್ಲ. ಕಡತಗಳು ಇದ್ದಲ್ಲೇ ಇರುತ್ತವೆ, ನೋಡುವವರಿಗೆ ಒಂದೇ ಫೋಲ್ಡರ್ ಆಗಿ ಕಾಣುತ್ತವೆ. ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದುದಷ್ಟೇ ಹೋಗುತ್ತದೆ.

ಮಳೆಗಾಲದ ನಮ್ಮ ಕರಾವಳಿಯಲ್ಲಿ ವಿದ್ಯುತ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಬರೆಯುವ ನಡುವೆ ಅದು ಕಡಿದರೆ ಕಡತಗಳು ಹಾಳಾಗಬಹುದು, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ರೈಡ್ ಇದೆಯೆಂದು ಬೇರೆ ಪ್ರತಿಯನ್ನು ಬಿಡುವಂತೆಯೂ ಇಲ್ಲ: ಕೈತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕ್‌ಗಳಿಂದ ಒಟ್ಟಿಗೇ ಹೋಗುತ್ತದೆ. ನೆರೆಯ ನೀರು ಮನೆ ಹೊಕ್ಕರೂ ಅಷ್ಟೇ. ಶಿರಸಿಯಲ್ಲೋ ಸಿದ್ದಾಪುರದಲ್ಲೋ ನೆಂಟರಿದ್ದರೆ, ಘಟ್ಟದ ಮೇಲಿನ ಆ ಮನೆಯಲ್ಲಿ ಒಂದು ಪ್ರತಿ ಇಡಿಸಿ. ವರ್ಷಕ್ಕೊಮ್ಮೆಯಾದರೂ ಅದನ್ನು ತೆರೆದು ಕಡತಗಳು ಓಡುತ್ತವೆಯೇ ಎಂದು ನೋಡಿ. ನಮಸ್ಕಾರ.