ಹಳೇ ಲ್ಯಾಪ್‌ಟಾಪ್‌ನಲ್ಲಿ ವೈಫೈ ಸ್ಲೋ ಆಗಿದೆಯಾ? ಪ್ಲಾನ್ ಏರಿಸುವ ಮುಂಚೆ ಇದನ್ನು ನೋಡಿ

ನಮಸ್ಕಾರ. ಮನೆಗೆ 200 ಎಂಬಿಪಿಎಸ್ ಪ್ಲಾನ್ ಇದೆ ಅಂದುಕೊಳ್ಳಿ. ಹಾಲ್‌ನಲ್ಲಿ ಕೂತು ಫೋನ್‌ನಲ್ಲಿ ಟೆಸ್ಟ್ ಮಾಡಿದರೆ 180 ಬರುತ್ತದೆ. ಅದೇ ಜಾಗದಲ್ಲಿ ಹತ್ತು ವರ್ಷ ಹಳೇ ಲ್ಯಾಪ್‌ಟಾಪ್ ತೆರೆದರೆ 35. ಹಿಂದಿನ ರೂಮಿಗೆ ಹೋದರೆ 6. ಆಗ ಜನ ಪ್ಲಾನ್ 300ಕ್ಕೆ ಏರಿಸುತ್ತಾರೆ, ಇಲ್ಲವೇ ಹೊಸ ಲ್ಯಾಪ್‌ಟಾಪ್ ಹುಡುಕಲು ಶುರು ಮಾಡುತ್ತಾರೆ. ದಯವಿಟ್ಟು ಎರಡೂ ಬೇಡ, ಸ್ವಲ್ಪ ತಡೆಯಿರಿ. ಮಕ್ಕಳ ಆನ್‌ಲೈನ್ ಕ್ಲಾಸಿಗೋ, ಅಪ್ಪ ಅಮ್ಮ ವಿಡಿಯೋ ನೋಡುವುದಕ್ಕೋ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ವೈಫೈ ಕಾರಣಕ್ಕೆ ಮೂಲೆಗೆ ಹಾಕುವುದು ನನಗೆ ಸರಿ ಅನಿಸುವುದಿಲ್ಲ.

ಮೊದಲು ನೋಡಬೇಕಾದ್ದು ಲ್ಯಾಪ್‌ಟಾಪ್ ಒಳಗಿರುವ ವೈಫೈ ಕಾರ್ಡ್.

[ಸ್ಕ್ರೀನ್ ರೆಕಾರ್ಡಿಂಗ್: ಕಮಾಂಡ್ ಪ್ರಾಂಪ್ಟ್]

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಸ್ಕ್ರೀನ್ ಮೇಲೆ ಕಾಣುತ್ತಿರುವ netsh wlan show drivers ಅನ್ನುವ ಸಾಲನ್ನು ಹಾಗೇ ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ರೇಡಿಯೋ ಟೈಪ್ಸ್ ಅಂತ ಒಂದು ಸಾಲು ಇರುತ್ತದೆ. ವೈಫೈ ಮುಖ್ಯವಾಗಿ ಓಡುವುದು ಎರಡು ಬ್ಯಾಂಡ್‌ಗಳಲ್ಲಿ, ಅಂದರೆ ಎರಡು ರೇಡಿಯೋ ದಾರಿಗಳಲ್ಲಿ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಆ ಸಾಲಿನಲ್ಲಿ 802.11ಎಸಿ ಅಥವಾ 802.11ಎ ಇದ್ದರೆ ನಿಮ್ಮ ಕಾರ್ಡಿಗೆ 5 ಗಿಗಾಹರ್ಟ್ಸ್ ಸಿಗುತ್ತದೆ. ಬರೀ ಬಿ, ಜಿ, ಎನ್ ಇದ್ದರೆ ಅದಕ್ಕೆ ಗೊತ್ತಿರುವುದು 2.4 ಒಂದೇ. ಹಳೇ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಂಟೆನಾ ಇರುವ ಎನ್ ಕಾರ್ಡ್ ಹಾಕಿರುವುದು ಜಾಸ್ತಿ. ಮಾಮೂಲಿ 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಅದರ ಲಿಂಕ್ ಸ್ಪೀಡ್, ಅಂದರೆ ಕಾರ್ಡಿಗೂ ರೌಟರ್‌ಗೂ ಮಧ್ಯದ ವೇಗ, ಹೆಚ್ಚೆಂದರೆ 72 ಎಂಬಿಪಿಎಸ್. ಕೈಗೆ ಸಿಗುವುದು ಹೆಚ್ಚು ಕಡಿಮೆ ಅದರಲ್ಲಿ ಅರ್ಧ. 35 ಯಾಕೆ ಬಂತು ಅಂತ ಈಗ ತಿಳಿಯಿತಲ್ವಾ? ನೀವು ಸಾವಿರ ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಈ ಕಾರ್ಡಿಗೆ ಅಷ್ಟೇ.

ಅದರ ಮೇಲೆ ನಮ್ಮ ಬೆಂಗಳೂರಿನ ಮನೆಗಳು. 30x40 ಸೈಟಿನಲ್ಲಿ ಮೂರು ನಾಲ್ಕು ಮಹಡಿ, ಪಕ್ಕದ ಬಿಲ್ಡಿಂಗ್‌ಗೂ ನಮಗೂ ಮಧ್ಯೆ ಕೈಚಾಚಿದರೆ ಮುಟ್ಟುವಷ್ಟು ಜಾಗ, ವೈಫೈ ಪಟ್ಟಿ ತೆರೆದರೆ ಮೇಲಿನ ಮನೆ, ಕೆಳಗಿನ ಮನೆ, ಎದುರಿನ ಪಿಜಿ ಎಲ್ಲರ ಹೆಸರೂ ಕಾಣುತ್ತದೆ. ಇವೆಲ್ಲ 2.4ರಲ್ಲಿ ಹಂಚಿಕೊಳ್ಳುವ, ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಬರೀ ಮೂರು: 1, 6, 11. ಮೈಕ್ರೋವೇವ್ ಓವನ್ ಕೂಡ ಅದೇ ಜಾಗದಲ್ಲಿ ಗಲಾಟೆ ಮಾಡುತ್ತದೆ. ಅದಕ್ಕೇ ರಾತ್ರಿ ಎಂಟು ಒಂಬತ್ತಕ್ಕೆ, ಎಲ್ಲರೂ ಮನೆಗೆ ಬಂದ ಮೇಲೆ, ಇನ್ನೂ ನಿಧಾನ.

ಹಾಗಾಗಿ ಕಾರ್ಡಿಗೆ 5 ಗಿಗಾಹರ್ಟ್ಸ್ ಇದ್ದರೆ ಅದನ್ನೇ ಬಳಸಿ. ಎಷ್ಟೋ ರೌಟರ್‌ಗಳಲ್ಲಿ ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತಾರೆ, ಹಳೇ ಲ್ಯಾಪ್‌ಟಾಪ್ ಹೋಗಿ 2.4ಕ್ಕೇ ಅಂಟಿಕೊಳ್ಳುತ್ತದೆ. ರೌಟರ್ ಸೆಟ್ಟಿಂಗ್‌ಗೆ ಹೋಗಿ, ಅದರ ವಿಳಾಸ ಮತ್ತು ಪಾಸ್‌ವರ್ಡ್ ಸಾಮಾನ್ಯವಾಗಿ ರೌಟರ್ ತಳದ ಸ್ಟಿಕ್ಕರ್ ಮೇಲೆ ಇರುತ್ತದೆ, ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. 5ರ ಹೆಸರು ಲ್ಯಾಪ್‌ಟಾಪ್‌ನಲ್ಲಿ ಕಾಣಿಸದಿದ್ದರೆ ಚಾನೆಲನ್ನು 36ಕ್ಕೆ ಇಟ್ಟು ನೋಡಿ. ಕೆಲವು ಹಳೇ ಕಾರ್ಡ್‌ಗಳಿಗೆ ಮೇಲಿನ ಚಾನೆಲ್‌ಗಳು ಹಿಡಿಯುವುದಿಲ್ಲ. ಹೊಸ ವೈಫೈ 6 ರೌಟರ್ ಬಂದ ಮೇಲೆ ನೆಟ್‌ವರ್ಕ್ ಕಾಣೆಯಾಗಿದ್ದರೆ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿ. ರೌಟರ್ ಸೆಟ್ಟಿಂಗ್‌ನಲ್ಲಿ ಸೆಕ್ಯುರಿಟಿ ಡಬ್ಲ್ಯೂಪಿಎ2, ಎಇಎಸ್ ಇರಲಿ. ಹಳೇ ಟಿಕೆಐಪಿ ಅಥವಾ ವೆಪ್ ಇದ್ದರೆ ಎನ್ ಕಾರ್ಡ್ ಕೂಡ 54ಕ್ಕೆ ಇಳಿದು ಕೂರುತ್ತದೆ.

[ಕ್ಲೋಸ್ ಅಪ್: ಟಿವಿ ಯೂನಿಟ್ ಒಳಗೆ ರೌಟರ್]

ಈಗ ಜಾಗದ ವಿಷಯ. ಇದು ದುಡ್ಡು ಖರ್ಚಿಲ್ಲದ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಫೈಬರ್ ಎಳೆಯುವ ಹುಡುಗ ರಸ್ತೆಯ ಕಂಬದಿಂದ ಕೇಬಲ್ ತಂದು, ಹತ್ತಿರದ ಕಿಟಕಿಯಿಂದ ಒಳಗೆ ಬಿಟ್ಟು, ಅಲ್ಲೇ ಟಿವಿ ಹಿಂದೆ ಬಾಕ್ಸ್ ಇಟ್ಟು ಹೋಗುತ್ತಾನೆ. ಸಿಗ್ನಲ್‌ನಲ್ಲಿ ಅರ್ಧ ರಸ್ತೆಗೇ ಹೋಗುತ್ತದೆ. ಕೇಬಲ್ ಹಾಕುವ ದಿನವೇ ಅವನಿಗೆ ಹೇಳಿ, ಮನೆಯ ಮಧ್ಯಕ್ಕೆ, ತಲೆಮಟ್ಟಕ್ಕಿಂತ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇಡಲಿ. ಸ್ಟೀಲ್ ಬೀರು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ದಾರಿಗೆ ಅಡ್ಡ ಬಾರದಿರಲಿ. ಆರ್‌ಸಿಸಿ ಪಿಲ್ಲರ್ ಮತ್ತು ಮೋಲ್ಡ್ ದಾಟಲು 5 ಗಿಗಾಹರ್ಟ್ಸ್‌ಗೆ 2.4ಗಿಂತ ಜಾಸ್ತಿ ಕಷ್ಟ. ಅದಕ್ಕೇ ದೂರದ ರೂಮಿನಲ್ಲಿ ಕೆಲವೊಮ್ಮೆ 2.4 ಪರವಾಗಿಲ್ಲ ಅನಿಸುತ್ತದೆ.

ಹಿಂದಿನ ರೂಮಿಗೆ ಏನೇ ಮಾಡಿದರೂ ಬರುತ್ತಿಲ್ಲವೇ? ತಕ್ಷಣ ಅಗ್ಗದ ರಿಪೀಟರ್ ತರಬೇಡಿ. ಅದು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದರಲ್ಲೇ ಮತ್ತೆ ಕಳಿಸುವುದರಿಂದ ಸ್ಪೀಡ್ ಅರ್ಧಕ್ಕೆ ಬೀಳುತ್ತದೆ. ಅದರ ಬದಲು ಒಂದು ಕ್ಯಾಟ್ 6 ಕೇಬಲ್ ಎಳೆದು, ಮನೆಯಲ್ಲೇ ಬಿದ್ದಿರುವ ಹಳೇ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ, ಅಂದರೆ ಕೇಬಲ್‌ನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹಂಚುವ ಹಾಗೆ, ಆ ರೂಮಿನಲ್ಲಿ ಇಡಿ. ಬಾಡಿಗೆ ಮನೆಯಲ್ಲಿ ಓನರ್ ಮೊಳೆ ಹೊಡೆಯಲೂ ಬಿಡುವುದಿಲ್ಲ, ನಿಜ. ಚಪ್ಪಟೆ ಕೇಬಲ್ ಸಿಗುತ್ತದೆ, ಸ್ಕರ್ಟಿಂಗ್ ಗುಂಟ ಅಂಟಿಸಿ, ಬಾಗಿಲ ಸಂದಿಯಲ್ಲಿ ಬಿಡಬಹುದು. ಲ್ಯಾಪ್‌ಟಾಪ್ ಮೇಜಿನ ಮೇಲೇ ಇರುವುದಾದರೆ ಆ ಕೇಬಲನ್ನು ಸೀದಾ ಅದಕ್ಕೇ ಹಾಕಿ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯದು ಇಲ್ಲ.

ಕಾರ್ಡ್ 2.4 ಮಾತ್ರ ಅಂತ ಗೊತ್ತಾದವರಿಗೆ ಎರಡು ದಾರಿ. ಸುಲಭದ್ದು ಡ್ಯುಯಲ್ ಬ್ಯಾಂಡ್, ಅಂದರೆ 2.4 ಮತ್ತು 5 ಎರಡೂ ಹಿಡಿಯುವ, ಯುಎಸ್‌ಬಿ ವೈಫೈ ಅಡಾಪ್ಟರ್. ಉಗುರಿನಷ್ಟು ಚಿಕ್ಕದ್ದು ಬೇಡ, ಆಂಟೆನಾ ಇರುವುದನ್ನೇ ತೆಗೆದುಕೊಳ್ಳಿ. ಒಂದಡಿ ಎಕ್ಸ್‌ಟೆನ್ಶನ್ ವೈರ್ ಹಾಕಿ ಲ್ಯಾಪ್‌ಟಾಪ್‌ನಿಂದ ಸ್ವಲ್ಪ ದೂರ ಇಟ್ಟರೆ ಇನ್ನೂ ಒಳ್ಳೆಯದು. ಲಿನಕ್ಸ್ ಹಾಕಿಕೊಂಡಿದ್ದರೆ ಅದಕ್ಕೆ ಡ್ರೈವರ್ ಇದೆಯಾ ಅಂತ ನೋಡಿಕೊಂಡೇ ದುಡ್ಡು ಕೊಡಿ.

ಎರಡನೆಯದು ಒಳಗಿನ ಕಾರ್ಡ್ ಬದಲಿಸುವುದು. ಇಂಟೆಲ್ ಎಸಿ 7260 ಥರದ ಡ್ಯುಯಲ್ ಬ್ಯಾಂಡ್ ಕಾರ್ಡಿನ ಲಿಂಕ್ ಸ್ಪೀಡ್ 5 ಗಿಗಾಹರ್ಟ್ಸ್‌ನಲ್ಲಿ 867ರವರೆಗೆ ಹೋಗುತ್ತದೆ. ಇಂಥವನ್ನು ಎಸ್.ಪಿ. ರೋಡ್‌ನ ಅಂಗಡಿಗಳಲ್ಲಿ ವಿಚಾರಿಸಿ, ಲ್ಯಾಪ್‌ಟಾಪನ್ನೂ ಜೊತೆಗೆ ಒಯ್ಯಿರಿ. ಯಾಕೆಂದರೆ ಸ್ಲಾಟ್ ಮಿನಿ ಪಿಸಿಐಇ ಇರಬಹುದು, ಎಂ.2 ಇರಬಹುದು, ಮತ್ತು ಕೆಲವು ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್, ಅಂದರೆ ಆನ್ ಮಾಡಿದಾಗ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್, ಒಪ್ಪಿದ ಕಾರ್ಡ್ ಬಿಟ್ಟು ಬೇರೆ ಹಾಕಿದರೆ ಲ್ಯಾಪ್‌ಟಾಪ್ ಆನ್ ಆಗುವುದೇ ಇಲ್ಲ. ಅಂಗಡಿಯಲ್ಲೇ ಹಾಕಿಸಿ, ಆನ್ ಮಾಡಿ ನೋಡಿ. ಹಾಗೇ ಆಂಟೆನಾ ವೈರ್‌ಗಳನ್ನೂ ನೋಡಲು ಹೇಳಿ. ಅವು ಪರದೆಯ ಅಂಚಿನಿಂದ ಹಿಂಜ್ ಮೂಲಕ ಕೆಳಗೆ ಬರುತ್ತವೆ. ಹಿಂಜ್ ರಿಪೇರಿ ಆದ ಲ್ಯಾಪ್‌ಟಾಪ್‌ನಲ್ಲಿ ಒಂದು ವೈರ್ ಕಳಚಿಕೊಂಡಿದ್ದರೆ, ರೌಟರ್ ಪಕ್ಕದಲ್ಲೇ ಕೂತರೂ ಸಿಗ್ನಲ್ ಎರಡೇ ಕಡ್ಡಿ. ಎಷ್ಟೋ ಸಲ ಆ ವೈರನ್ನು ಒತ್ತಿ ಕೂರಿಸಿದರೆ ಸಾಕಾಗುತ್ತದೆ.

[ಸ್ಕ್ರೀನ್ ರೆಕಾರ್ಡಿಂಗ್: ಪವರ್ ಆಪ್ಷನ್ಸ್, ಟಾಸ್ಕ್ ಮ್ಯಾನೇಜರ್]

ಇನ್ನು ಪವರ್ ಪ್ಲಾನ್‌ನಲ್ಲಿ ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ ಇದ್ದರೆ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್‌ಗೆ ಬದಲಿಸಿ. ಟಾಸ್ಕ್ ಮ್ಯಾನೇಜರ್ ಕೂಡ ಒಮ್ಮೆ ತೆರೆಯಿರಿ. ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದ್ದರೆ ತಪ್ಪು ವೈಫೈದಲ್ಲ, ಹಳೇ ಹಾರ್ಡ್ ಡಿಸ್ಕ್‌ನದ್ದು. ಅಲ್ಲಿ ಎಸ್‌ಎಸ್‌ಡಿ ಹಾಕಿಸಬೇಕು.

ಇವನ್ನೆಲ್ಲ ಒಂದೇ ದಿನ ಮಾಡಬೇಡಿ. ಒಂದು ಬದಲಾವಣೆ, ಆಮೇಲೆ ಅದೇ ಜಾಗದಲ್ಲಿ ಕೂತು ರಾತ್ರಿ ಅದೇ ಹೊತ್ತಿಗೆ ಟೆಸ್ಟ್. ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಕೇಬಲ್ ಹಾಕಿಯೂ ಒಂದು ಟೆಸ್ಟ್ ಮಾಡಿ. ಹಳೇ ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ದು ಇದ್ದರೆ 94ರ ಹತ್ತಿರ ಬರುತ್ತದೆ, ಅದು ಸರಿಯಾಗಿಯೇ ಇದೆ. ಕೇಬಲ್‌ನಲ್ಲೂ 30, 40 ಬಂದರೆ ಮಾತ್ರ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ. ಆ ಟೆಸ್ಟಿನ ಸ್ಕ್ರೀನ್‌ಶಾಟ್ ಕೈಯಲ್ಲಿ ಇರಲಿ. ವೈಫೈ ಮೇಲೆ ತೆಗೆದ ಟೆಸ್ಟ್ ತೋರಿಸಿದರೆ, ನಿಮ್ಮ ಲ್ಯಾಪ್‌ಟಾಪ್ ಹಳೇದು ಅಂತ ಹೇಳಿ ಫೋನ್ ಇಡುತ್ತಾರೆ.